ಯಾವ ಮಳೆ?

ಈಜಿಪ್ಟಿನ ಮರಳುಗಾಡಿನ ಓಯಸಿಸ್ ಊರು ಸೀವಾದಿಂದ ವಾಪಸು ಬಂದು ವಾರವಾಯಿತು. ಚಪ್ಪಲಿಯ ಹೊಲಿಗೆಯಲ್ಲಿ ಕೂತ ಉಪ್ಪು ಎರಡು ಸಲ ತೊಳೆದರೂ ಬಿಟ್ಟಿಲ್ಲ. ಅಷ್ಟರಲ್ಲಿ ಮೊನ್ನೆ ಇಂಜಿನಿಯರ್ ರಾಯರು ಪ್ರವಾಸದ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೊ ಹಾಕಿದರು. ಅರ್ಧ ನಿಮಿಷದ್ದು. ವಯಸ್ಸಾದ ಮೇಸ್ತ್ರಿ ಒಬ್ಬರು ಅರ್ಧ ಕಟ್ಟಿದ ಗೋಡೆಯ ಮೇಲೆ ಕುದುರೆ ಏರಿದ ಹಾಗೆ ಕಾಲು ಇಳಿಬಿಟ್ಟು ಕೂತಿದ್ದಾರೆ. "ಇದು ಮಳೆಗೆ ನಿಲ್ಲುತ್ತಾ ಕೇಳಪ್ಪ" ಎಂದು ಗೈಡಿಗೆ ಇಂಗ್ಲಿಷಿನಲ್ಲಿ ಹೇಳುವ ರಾಯರ ದನಿ. ಗೈಡು ಕೇಳುತ್ತಾನೆ. ಮೇಸ್ತ್ರಿ ತಲೆ ಎತ್ತದೆ ಎರಡು ಪದ ಆಡುತ್ತಾರೆ. "ಯಾವ ಮಳೆ ಅಂತಿದ್ದಾರೆ" ಎಂದು ಗೈಡು. ಆಮೇಲೆ ರಾಯರ ನಗು. ವಿಡಿಯೊದ ಕೆಳಗೆ ಅವರದೇ ಒಕ್ಕಣೆ: "ಉಪ್ಪಿನ ಮನೆ. ಮಳೆ ಬಂದರೆ ಗೋವಿಂದ!"

ರಾಯರು ಕೆಟ್ಟವರಲ್ಲ. ಬದುಕಿಡೀ ಕಟ್ಟಡಗಳ ಬಿಲ್ಲಿಗೆ ಸಹಿ ಹಾಕಿದ ಕೈ, ಯಾವ ಗೋಡೆ ಕಂಡರೂ ಬೆರಳಲ್ಲಿ ಕುಟ್ಟದೆ ಮುಂದೆ ಹೋಗದು. ಆದರೆ ಅವರು ಪ್ರಶ್ನೆ ಕೇಳುವುದು ಉತ್ತರಕ್ಕಲ್ಲ, ಷರಾ ಬರೆಯುವುದಕ್ಕೆ.

ಮೇಸ್ತ್ರಿ ತಮಾಷೆಗೆ ಹಾಗೆ ಕೇಳಿದರೆಂದು ಗುಂಪಿನಲ್ಲಿ ಎಲ್ಲರೂ ನಕ್ಕರು. ವಿಡಿಯೊ ಎಷ್ಟು ಸಲ ಹಾಕಿ ನೋಡಿದರೂ ಆ ದನಿಯಲ್ಲಿ ತಮಾಷೆ ಕೇಳುವುದಿಲ್ಲ. ನಮ್ಮ ಕಡೆ ಮುಂಗಾರಿನಲ್ಲಿ ಇಬ್ಬರು ರೈತರು ಎದುರಾದರೆ ಮೊದಲ ಮಾತೇ ಅದು. ಈಗ ಯಾವ ಮಳೆ? ರೋಹಿಣಿಯೋ, ಮೃಗಶಿರೆಯೋ? ಭರಣಿ ಮಳೆ ಧರಣಿಯೆಲ್ಲ ಬೆಳೆ ಎನ್ನುವ ಊರಿನವರು ನಾವು, ಹದಿಮೂರು-ಹದಿನಾಲ್ಕು ದಿನಕ್ಕೊಂದು ಹೆಸರು ಬದಲಾಗುತ್ತದೆ. ಸೀವಾದಲ್ಲಿ ವರ್ಷದ ಮಳೆ ಸೇರಿಸಿದರೆ ಸಾಮಾನ್ಯವಾಗಿ ಲೋಟದ ತಳ ಒದ್ದೆಯಾದೀತು ಅಷ್ಟೆ. ಅಲ್ಲಿನವರು ಬೊಟ್ಟು ಮಾಡಿ ಹೇಳುವ ಮಳೆ ಒಂದೇ, 1926ರದು. ಮೂರು ದಿನ ಸುರಿಯಿತು. ನಮ್ಮ ಆಗುಂಬೆಯವರು ಲೆಕ್ಕಕ್ಕೇ ಹಿಡಿಯದ ಮೂರು ದಿನ. ಅಷ್ಟಕ್ಕೆ ಹದಿಮೂರನೇ ಶತಮಾನದಿಂದ ನಿಂತಿದ್ದ ಶಾಲಿ ಕೋಟೆಯೂರು ಕರಗಿ ಕುಸಿಯಿತು. ಜನ ಗುಡ್ಡ ಇಳಿದು ಕೆಳಗೆ ಮನೆ ಕಟ್ಟಿಕೊಂಡರು. ಇವತ್ತು ಪೇಟೆಯ ಚೌಕದಿಂದ ನೋಡಿದರೆ ಕಾಣುವುದು ಗೆದ್ದಲು ಹುತ್ತದಂತೆ ನಿಂತ ಆ ಗೋಡೆಗಳ ಮೊಂಡು ಉಳಿಕೆ. ಒಂದಷ್ಟು ಭಾಗ ದುರಸ್ತಿಯಾಗಿ 2020ರಲ್ಲಿ ಮತ್ತೆ ತೆರೆದಿದೆ.

ರಾಯರು ಷರಾ ಬರೆದ ಗೋಡೆ ಕಲ್ಲಿನದಲ್ಲ, ಇಟ್ಟಿಗೆಯದೂ ಅಲ್ಲ. ಕರ್ಶೀಫ್. ಉಪ್ಪು ಸರೋವರಗಳ ದಡದಲ್ಲಿ ನೀರು ಆವಿಯಾದಂತೆ ಉಪ್ಪು, ಜೇಡಿ, ಮರಳು ಕೂಡಿ ಗಟ್ಟಿ ಹೆಪ್ಪಾಗುತ್ತದೆ. ಅದನ್ನು ಹಾರೆಯಿಂದ ಮೀಟಿ ಎಬ್ಬಿಸಿ, ತಲೆಯಷ್ಟು ದಪ್ಪದ ಹೆಂಟೆಗಳಾಗಿ ಒಡೆದು ಒಣಗಿಸುತ್ತಾರೆ. ಮೂಲೆ ಕಟ್ಟಿ ಚೌಕ ಮಾಡುವ ಗೋಜಿಲ್ಲ. ಗಾರೆಯೂ ಅದೇ ನೆಲದ ಉಪ್ಪುಮಣ್ಣು. ಕೆಲಸದ ಗುಟ್ಟೆಲ್ಲ ಗಾರೆಯ ನೀರಿನಲ್ಲಿದೆ. ಹಸಿ ಗಾರೆ ಹೆಂಟೆಯ ಮೈಯನ್ನು ತುಸು ಕರಗಿಸುತ್ತದೆ. ಒಣಗುವಾಗ ಎರಡರ ಉಪ್ಪೂ ಸೇರಿ ಹರಳುಗಟ್ಟುತ್ತದೆ, ಸಂದು ಕಾಣದಂತೆ ಗೋಡೆ ಒಂದೇ ಬಂಡೆಯಾಗುತ್ತದೆ. ನೀರು ಹೆಚ್ಚಾದರೆ ಹೆಂಟೆ ಮೆತ್ತಗಾಗಿ ಮೇಲಿನ ಭಾರಕ್ಕೆ ಜಗ್ಗುತ್ತದೆ, ಕಡಿಮೆಯಾದರೆ ಕಚ್ಚಿಕೊಳ್ಳುವುದಿಲ್ಲ. ಅವಸರಪಟ್ಟು ಒಂದೇ ದಿನ ಎತ್ತರ ಏರಿಸಿದರೆ ಕೆಳಗಿನ ವರಸೆ ಹಸಿಯಿರುವಾಗಲೇ ಹೊಟ್ಟೆ ಬಿಡುತ್ತದೆ. ಬುಡ ದಪ್ಪ, ಮೇಲೆ ಹೋದಂತೆ ತೆಳು. ಸೂರಿಗೆ ಸೀಳಿದ ಖರ್ಜೂರದ ಬೊಡ್ಡೆ, ಅದರ ಮೇಲೆ ಗರಿ, ಅದರ ಮೇಲೆ ಮಣ್ಣು. ಕಿಟಕಿ ಅಂಗೈ ಅಗಲಕ್ಕಿಂತ ಸ್ವಲ್ಪ ದೊಡ್ಡದು. ಹೊರಗೆ 40 ಡಿಗ್ರಿ ಬೇಯುವಾಗ ಒಳಗೆ ಕಾಲಿಟ್ಟರೆ ನಮ್ಮ ಹಳೇ ಮಣ್ಣಿನ ಮನೆಗಳ ನಡುಮನೆಯ ತಂಪು.

"ಸಿಮೆಂಟು ಹಾಕಿದ್ದರೆ?" ಎಂದು ರಾಯರು ಬಸ್ಸಿನಲ್ಲೂ ಕೇಳುತ್ತಿದ್ದರು. ಹಾಕಿದವರು ಅಲ್ಲೂ ಇದ್ದಾರೆ. ಆ ನೆಲದ ಉಪ್ಪು ಕಾಂಕ್ರೀಟಿನೊಳಗೆ ಇಳಿದು ಕಬ್ಬಿಣ ಮುಟ್ಟಿತೆಂದರೆ ಕಂಬಿ ತುಕ್ಕು ಹಿಡಿದು ಊದುತ್ತದೆ, ಊದಿದ ಕಂಬಿ ಕಾಂಕ್ರೀಟನ್ನೇ ಸೀಳುತ್ತದೆ. ಕಾರವಾರ, ಕುಮಟಾ ಕಡೆ ಕಡಲಿಗೆ ಹತ್ತಿರ ಮನೆ ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಾಯರಿಗಂತೂ ಹೇಳಲೇಬೇಕಿರಲಿಲ್ಲ.

ಅವರ ಪ್ರಶ್ನೆಯಲ್ಲಿ ನಿಜವಾದ ತಪ್ಪು ಬೇರೆಯದು. ಅವರು ಆಕಾಶ ನೋಡಿ ಕೇಳಿದರು. ಸೀವಾಕ್ಕೆ ನೀರು ಬರುವುದು ಕೆಳಗಿಂದ. ಈಜಿಪ್ಟ್, ಲಿಬಿಯಾ, ಸುಡಾನ್, ಚಾಡ್ ನಾಲ್ಕೂ ದೇಶಗಳ ಅಡಿಗೆ ಹಬ್ಬಿದ ನ್ಯೂಬಿಯನ್ ಮರಳುಗಲ್ಲಿನ ಪದರದಲ್ಲಿ ತುಂಬಿದ ನೀರದು. ಸಹಾರಾ ಹಸಿರಾಗಿದ್ದ ಕಾಲದಲ್ಲಿ, ಸಾವಿರಾರು ವರ್ಷಗಳ ಹಿಂದೆ ಬಿದ್ದ ಮಳೆ. ಯಾವ ಮಳೆ ಎಂದರೆ ಆ ಮಳೆ. ಇನ್ನೂರಕ್ಕೂ ಹೆಚ್ಚು ಬುಗ್ಗೆಗಳಲ್ಲಿ ಅದು ತಾನಾಗಿ ಉಕ್ಕುತ್ತದೆ. ತೋಟಕ್ಕೆ ಬೇಕಿರಲಿ, ಬೇಡದಿರಲಿ. ಸೀವಾದ ತಗ್ಗು ಸಮುದ್ರ ಮಟ್ಟಕ್ಕಿಂತ ಸುಮಾರು 18 ಮೀಟರ್ ಕೆಳಗಿರುವುದರಿಂದ ಹೆಚ್ಚಾದ ನೀರಿಗೆ ಹೊರಹೋಗಲು ದಾರಿಯಿಲ್ಲ. ಅದು ಸರೋವರ ಸೇರುತ್ತದೆ, ಬಿಸಿಲಿಗೆ ಆರುತ್ತದೆ, ಉಪ್ಪನ್ನು ಬಿಟ್ಟುಹೋಗುತ್ತದೆ. ಮೊದಲು ಬುಗ್ಗೆಗಳಷ್ಟೇ ಇದ್ದಾಗ ಲೆಕ್ಕ ಸರಿಯಾಗಿತ್ತು. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಲಂಗುಲಗಾಮಿಲ್ಲದೆ ಕೊರೆದ ಬಾವಿಗಳು ಲೆಕ್ಕ ಕೆಡಿಸಿದವು. ಸರೋವರ ಹಿಗ್ಗಿತು, ನೆಲದಡಿಯ ಉಪ್ಪುನೀರು ಬೇರಿನ ತನಕ ಏರಿತು. ದಡದಲ್ಲಿ ರುಂಡವಿಲ್ಲದ ಖರ್ಜೂರದ ಬೊಡ್ಡೆಗಳು ನೀರೊಳಗೇ ನಿಂತಿವೆ. ನಮ್ಮಲ್ಲಿ ಕೊಳವೆಬಾವಿ ಕೊರೆದು ನೀರು ಪಾತಾಳ ಸೇರಿತು, ಅಲ್ಲಿ ಕೊರೆದು ನೀರು ಮೇಲೆ ಬಂದು ಕೂತಿತು. ಉಪ್ಪಿನ ಗೋಡೆಗೆ ಇದು ಆಕಾಶದ ಮಳೆಗಿಂತ ಕೆಟ್ಟದ್ದು. ಬುಡದಿಂದ ಹೀರಿದ ತೇವ ಮೊಣಕಾಲೆತ್ತರಕ್ಕೆ ಏರಿ, ಅಲ್ಲಿ ಗೋಡೆ ಸವೆದು ಒಳಸರಿಯುತ್ತದೆ. ಹಳೇ ಗೋಡೆ ನೋಡಬೇಕಾದರೆ ಮೊದಲು ಬುಡ ನೋಡಬೇಕು.

ಗುಂಪಿನ ಇನ್ನೊಂದು ಚರ್ಚೆ: ಸೀವಾದವರು ಉತ್ತರ ಆಫ್ರಿಕಾದ ಮೂಲನಿವಾಸಿ ಬರ್ಬರರೋ, ಅರಬರೋ? ಬರ್ಬರ ಎಂಬ ಪದ ಕನ್ನಡದ ಕಿವಿಗೆ ಬಿದ್ದ ಕೂಡಲೇ ಪತ್ರಿಕೆಯ "ಬರ್ಬರ ಹತ್ಯೆ" ನೆನಪಾಗುತ್ತದೆ. ಗ್ರೀಕರು ತಮ್ಮ ಭಾಷೆ ಬಾರದವರನ್ನೆಲ್ಲ ಕರೆದ ಹೆಸರು ಅದು. ಈ ಜನ ತಮಗೆ ಇಟ್ಟುಕೊಂಡ ಹೆಸರು ಅಮಾಝಿಘ್, ಸ್ವತಂತ್ರ ಮನುಷ್ಯ ಎಂಬರ್ಥದ್ದು. ಸೀವಾದವರು ಮನೆಯಲ್ಲಿ ಆಡುವ ಸೀವಿ, ಮೊರಾಕ್ಕೊದ ತನಕ ಹಬ್ಬಿದ ಆ ಭಾಷಾ ಕುಟುಂಬದ ಪೂರ್ವದ ಕೊನೆಯ ಕೊಂಡಿ. ನೀರಿಗೆ "ಅಮನ್" ಎನ್ನುತ್ತಾರೆ, ಅಟ್ಲಾಂಟಿಕ್ ದಡದವರು ಹೇಳುವ ಹಾಗೆಯೇ. ಶಾಲೆ, ಕಚೇರಿ, ಪೇಟೆ ಎಲ್ಲ ಅರಬ್ಬಿ. ಮದುವೆಯಾದ ಹೆಂಗಸರು ಕತ್ತೆಗಾಡಿಯಲ್ಲಿ ತಲೆಯ ಮೇಲಿಂದ ಕಸೂತಿಯ ನೀಲಿಬೂದು ಹೊದಿಕೆ ಹೊದ್ದು ಹೋಗುವುದು ಕಾಣುತ್ತದೆ. ಅವರ ಫೋಟೊ ತೆಗೆಯಬಾರದು, ದೂರದಿಂದಲೂ.

ಮುಂದಿನ ಚಳಿಗಾಲಕ್ಕೆ ಹೊರಡುವ ಇಬ್ಬರು ಕೇಳಿದ್ದಾರೆ, ಅದಕ್ಕೆ ಇಷ್ಟು. ಅಕ್ಟೋಬರಿನಿಂದ ಮಾರ್ಚ್ ಸರಿಯಾದ ಕಾಲ. ಹಗಲಿಗೆ ತೆಳು ಅಂಗಿ ಸಾಕು, ರಾತ್ರಿಗೆ ಉಣ್ಣೆಯದೇ ಬೇಕು. ಕೈರೋದಿಂದ ಮರ್ಸಾ ಮತ್ರೂಹ್ ಮೂಲಕ ಬಸ್ಸು. ಮತ್ರೂಹ್ ದಾಟಿದ ಮೇಲೆ 300 ಕಿಲೋಮೀಟರ್ ಬಯಲು. ತಪಾಸಣೆ ಠಾಣೆಗಳಿವೆ, ಪಾಸ್‌ಪೋರ್ಟಿನ ನಾಲ್ಕಾರು ಪ್ರತಿ ಕೈಯಲ್ಲಿರಲಿ. ಎಟಿಎಂ ನೆಚ್ಚಬೇಡಿ, ನಗದು ಒಯ್ಯಿರಿ. ಊರೊಳಗೆ ಓಡಾಡಲು ತುಕ್‌ತುಕ್. ಹತ್ತಿರ ಹೋದರೆ ನಮ್ಮ ಬಜಾಜ್ ಆಟೊ.

ಉಪ್ಪು ತೆಗೆದು ಉಂಟಾದ ಹೊಂಡಗಳಲ್ಲಿ ತೇಲುವುದಕ್ಕೇ ಜನ ಅಷ್ಟು ದೂರ ಹೋಗುತ್ತಾರೆ. ನೀರು ಕಂಡರೆ ಗಾಜು, ಮೈ ತಾನಾಗಿ ತೇಲುತ್ತದೆ. ಹಿಂದಿನ ದಿನ ಗಡ್ಡ ಬೋಳಿಸಬೇಡಿ, ಸಣ್ಣ ಗೀರೂ ಬೆಂಕಿಯಾಗುತ್ತದೆ. ಅಂಚಿನ ಹರಳು ಗಾಜಿನ ಚೂರಿನಂತೆ, ರಬ್ಬರ್ ಚಪ್ಪಲಿ ಹಾಕಿಕೊಂಡೇ ಇಳಿಯಿರಿ. ಮೆಲ್ಲಗೆ ಕೂತು ಹಿಂದಕ್ಕೆ ಒರಗಬೇಕು. ಬೋರಲು ಮಲಗಬಾರದು, ಮೊಗಚಿದರೆ ಆ ಸಾಂದ್ರ ನೀರಿನಲ್ಲಿ ಕಾಲು ಕೆಳಗಿಳಿಸಿ ನೆಟ್ಟಗಾಗುವುದು ಸುಲಭವಲ್ಲ. ಕಣ್ಣಿಗೆ ಬಿದ್ದರೆ ತೊಳೆಯಲು ಎರಡು ಬಾಟಲಿ ಸಿಹಿನೀರು ದಡದಲ್ಲಿ, ಮುಚ್ಚಳ ಸಡಿಲಿಸಿ ಇಟ್ಟಿರಿ, ಉಪ್ಪುಗೈಯಲ್ಲಿ ಮುಚ್ಚಳ ತಿರುಗುವುದಿಲ್ಲ. ಹದಿನೈದು ನಿಮಿಷ ಸಾಕು. ಆಮೇಲೆ ಕ್ಲಿಯೋಪಾತ್ರಾ ಬುಗ್ಗೆಗೆ ಹೋಗಿ ತೊಳೆದುಕೊಳ್ಳಿ. ಹೆಂಗಸರು ಪೂರ್ತಿ ಬಟ್ಟೆಯಲ್ಲೇ ಇಳಿಯುವುದು ಅಲ್ಲಿನ ಮರ್ಯಾದೆ. ಸೀವಾದ ಒಂದು ಬುಗ್ಗೆ ಮಧ್ಯಾಹ್ನ ತಣ್ಣಗೆ, ನಡುರಾತ್ರಿ ಬಿಸಿ ಎಂದು ಹೆರೊಡೊಟಸ್ ಬರೆದಿದ್ದಾನೆ. ನೀರು ಇದ್ದ ಹಾಗೇ ಇರುತ್ತದೆ, ಬದಲಾಗುವುದು ಸುತ್ತಲಿನ ಗಾಳಿ.

ಮರಳುಗಾಡಿಗೆ ಜೀಪಿನಲ್ಲಿ ಹೋಗಲು ಅನುಮತಿ ಬೇಕು, ಹಿಂದಿನ ದಿನವೇ ಮಾಡಿಸಿ. ಚಾಲಕ ಮರಳು ಶುರುವಾಗುವಲ್ಲಿ ಇಳಿದು ಟೈರಿನ ಗಾಳಿಯನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿದರೆ ಅವನಿಗೆ ಕೆಲಸ ಗೊತ್ತಿದೆ. ಇಳಿಸದಿದ್ದರೆ ಹೂತಾಗ ತಳ್ಳುವವರು ನೀವೇ.

ಇಷ್ಟು ಬರೆದು ಗುಂಪಿಗೆ ಹಾಕುವ ಮುಂಚೆ ವಿಡಿಯೊ ಇನ್ನೊಮ್ಮೆ ನೋಡಿದ್ದಾಯಿತು. "ಯಾವ ಮಳೆ" ಆದ ಮೇಲೆ, ರಾಯರ ನಗುವಿನ ನಡುವೆ, ಚೌಕಟ್ಟಿನ ಮೂಲೆಯಲ್ಲಿ ಒಬ್ಬ ಹುಡುಗ ಗಾರೆ ಕಲಸಿ ಮಿಕ್ಕ ನೀರಿನ ಬಕೆಟ್ ಎತ್ತುತ್ತಾನೆ. ಗೋಡೆಯ ಪಕ್ಕದಲ್ಲೇ ಚೆಲ್ಲಬಹುದಿತ್ತು. ಮೇಸ್ತ್ರಿ ಒಂದು ಬೆರಳು ತೋರಿಸುತ್ತಾರೆ. ಹುಡುಗ ಹತ್ತು-ಹನ್ನೆರಡು ಹೆಜ್ಜೆ ನಡೆದು, ದಾರಿಯ ಆಚೆಗಿನ ಖರ್ಜೂರದ ಬುಡಕ್ಕೆ ಸುರಿದು ಬರುತ್ತಾನೆ.