ಯಾರೂ ಕೇಳದ ಹೆಸರುಗಳು

ಇಂದು ಬೆಳಿಗ್ಗೆ ಸರಸ್ವತಿಪುರಂನಲ್ಲಿ ದೊಡ್ಡಪ್ಪನವರ ಕಂಪ್ಯೂಟರ್ ಮುಂದೆ ಕುಳಿತಿದ್ದೆ. ಬ್ರೌಸರ್ ತೆರೆದಿತ್ತು, ಪುಟ ಖಾಲಿಯಿತ್ತು, ಕೀಬೋರ್ಡನ್ನು ಯಾರೂ ಮುಟ್ಟಿರಲಿಲ್ಲ.

ಆದರೂ ಪೋರ್ಟ್ 53 ಎಂಬ ದ್ವಾರದ ಮೂಲಕ ಹೊರಹೋಗುವ ಡಿಎನ್‌ಎಸ್ ವಿಚಾರಣೆಗಳನ್ನು, ಅಂದರೆ ಜಾಲತಾಣದ ಹೆಸರು ಕೊಟ್ಟು ಅದರ ಅಂಕಿ ವಿಳಾಸ ಕೇಳುವ ಸಂದೇಶಗಳನ್ನು, ತೋರಿಸಲು ನಾನು ತೆರೆದಿಟ್ಟಿದ್ದ ಕಪ್ಪು ಪರದೆಯ ಮೇಲೆ, ನಾವಿಬ್ಬರೂ ಎಂದೂ ಕೇಳಿರದ ಹೆಸರುಗಳು ಒಂದರ ಹಿಂದೊಂದು ಮೂಡುತ್ತಲೇ ಇದ್ದವು. ಬ್ರೌಸರ್ ತನ್ನ ಅಪ್‌ಡೇಟ್‌ಗಾಗಿ ಕೆಲವನ್ನು ಕೇಳುವುದು ಸಹಜ. ಉಳಿದವು ಯಾವುದೋ ಉಚಿತ ತಂತ್ರಾಂಶದ ಜೊತೆಯಲ್ಲಿ ಬಂದು ಬ್ರೌಸರಿಗೆ ಅಂಟಿಕೊಂಡು ನೆಲೆಸಿದ್ದ ಟೂಲ್‌ಬಾರ್ ಎಂಬ ಪಟ್ಟಿಯವು. ಅದನ್ನು ತೆಗೆದೊಡನೆ ನಿಂತುಹೋದವು.

ತೆಗೆಯುವ ಮೊದಲು ಅದರ ಹುಡುಕು ಪೆಟ್ಟಿಗೆಯಲ್ಲಿ ದೊಡ್ಡಪ್ಪ "ಮಂಡಿ ನೋವು" ಎಂದು ಬರೆದರು. ಎಂಟರ್ ಒತ್ತುವ ಮುನ್ನವೇ, ಒಂದೊಂದು ಅಕ್ಷರಕ್ಕೂ ಒಂದೊಂದು ಸಂದೇಶ ಹೊರಗೆ ಹೋಯಿತು. ಅದನ್ನು ಕಂಡು ನನಗೆ ನಿಜಕ್ಕೂ ಸಂಕಟವಾಯಿತು.

1983ರಲ್ಲಿ ರೂಪುಗೊಂಡ ಡಿಎನ್‌ಎಸ್‌ನಲ್ಲಿ ಗುಟ್ಟಿಗೆ ಏರ್ಪಾಡಿರಲಿಲ್ಲ. ನಾವು ಕೇಳುವ ಹೆಸರನ್ನು ದಾರಿಯಲ್ಲಿರುವವರು ಓದಬಹುದಿತ್ತು. ಜಾಲತಾಣಗಳೊಡನೆ ಗೂಢಲಿಪಿಯಲ್ಲಿ ಮಾತಾಡುವ ಎಚ್‌ಟಿಟಿಪಿಎಸ್ ಮೂಲಕ ಅದನ್ನು ಮರೆಮಾಡಿ ಕಳುಹಿಸುವ ಮಾನದಂಡ ಬಂದದ್ದು 2018ರಲ್ಲಿ. ಆ ಸೌಲಭ್ಯವನ್ನೂ ಹಾಕಿಕೊಟ್ಟೆ. ಟೂಲ್‌ಬಾರಿನಂಥವು ಒಳಗಿನಿಂದಲೇ ಕಳುಹಿಸುವುದನ್ನು ಮಾತ್ರ ಅದು ತಡೆಯಲಾರದು.

"ಹೋದ ವಾರ ಡಾಕ್ಟರ ಹೆಸರನ್ನು ಹುಡುಕಿದ್ದೆನಲ್ಲಪ್ಪ, ಅದೂ ಹೋಗಿರುತ್ತದೆಯೇ?" ಎಂದು ಕೇಳಿದರು.

ಹೋಗಿರಬಹುದು ದೊಡ್ಡಪ್ಪ, ಎಂದೆ.