ಭಾಗಮಂಡಲಕ್ಕೆ ಎರಡು ಸಲ ಹೋಗಿ: ನೀರು ಏರಿದಾಗ ಒಮ್ಮೆ, ಇಳಿದಾಗ ಒಮ್ಮೆ

ಜುಲೈ ಕೊನೆಯ ವಾರ ಅಮ್ಮನ ಜೊತೆ ಕೊಡಗಿನ ಭಾಗಮಂಡಲಕ್ಕೆ ಹೋಗಿದ್ದೆ. "ಸಂಗಮ ಎಲ್ಲೋ?" ಅಂತ ಅಮ್ಮ ಕೇಳಿದರು. ತೋರಿಸೋಕೆ ಏನೂ ಇರಲಿಲ್ಲ. ಕಾವೇರಿ, ಕನ್ನಿಕೆ ಎರಡೂ ಸೇರಿ ಒಂದೇ ಕೆಂಪು ನೀರು. ಸ್ನಾನದ ಮೆಟ್ಟಿಲು ಪೂರ್ತಿ ಮುಳುಗಿತ್ತು. ಮೆಟ್ಟಿಲ ಪಕ್ಕದ ಕಬ್ಬಿಣದ ಕಂಬಿಯ ತುದಿ ಮಾತ್ರ ಒಂದು ಗೇಣು ಮೇಲಿತ್ತು. ಅದಕ್ಕೆ ಬಾಳೆಲೆ, ಬಿದಿರಿನ ಕಡ್ಡಿ, ಯಾರೋ ಬಿಟ್ಟ ಒಂದು ತೆಂಗಿನಕಾಯಿ ಸಿಕ್ಕಿಕೊಂಡು ಗಿರಗಿರ ತಿರುಗುತ್ತಿದ್ದವು. ದಡದಲ್ಲೇ ನಿಂತು ಅಮ್ಮ ಕೈ ಮುಗಿದರು. ಅಷ್ಟೇ ಆಗಿದ್ದು ಅವತ್ತು.

ಫೆಬ್ರವರಿಯಲ್ಲಿ ಮತ್ತೆ ಹೋದೆವು. ಅದೇ ಮೆಟ್ಟಿಲು, ಬಿಸಿಲಿಗೆ ಒಣಗಿ ಬೆಳ್ಳಗಾಗಿತ್ತು. ಅಮ್ಮ ಕೆಳಗಿನ ಮೆಟ್ಟಿಲಲ್ಲಿ ಕೂತು ಕಾಲು ಇಳಿಬಿಟ್ಟರು. ನೀರು ಮೊಣಕಾಲಿನವರೆಗೂ ಬರಲಿಲ್ಲ. ಅದೇ ಕಂಬಿ ಈಗ ನನ್ನ ತಲೆಗಿಂತ ಎತ್ತರದಲ್ಲಿತ್ತು. ಅದರ ತುದಿಯಲ್ಲಿ ಮಳೆಗಾಲದ ಹುಲ್ಲು ಒಣಗಿ ಇನ್ನೂ ಸುತ್ತಿಕೊಂಡಿತ್ತು. ಹೊಳೆ ಎಲ್ಲಿವರೆಗೆ ಬಂದಿತ್ತು ಅನ್ನೋದು ನಿಜವಾಗಿ ಅರ್ಥವಾಗಿದ್ದು ಆ ಹುಲ್ಲು ನೋಡಿದಾಗಲೇ. ಅದಕ್ಕೇ ಹೇಳ್ತಿದ್ದೀನಿ, ಈ ಊರಿಗೆ ಒಂದು ಸಲ ಹೋದರೆ ಸಾಲದು.

ಭಾಗಮಂಡಲ ಬೆಟ್ಟಗಳ ನಡುವಿನ ತಗ್ಗಿನಲ್ಲಿದೆ. ತಲಕಾವೇರಿ ಇಲ್ಲಿಂದ ಬರೀ 8 ಕಿಲೋಮೀಟರ್. ಬ್ರಹ್ಮಗಿರಿ ಕಡೆ ಬಿದ್ದ ಮಳೆ ಇಳಿಜಾರಿನಲ್ಲಿ ಓಡಿಬಂದು ನೇರ ಊರಿಗೇ ಬರುತ್ತದೆ. ಹಾಗಾಗಿ ನೀರು ಬೇಗ ಏರುತ್ತದೆ, ಮಳೆ ನಿಂತರೆ ಬೇಗ ಇಳಿಯುತ್ತದೆ. ಬೆಳಿಗ್ಗೆ ನೋಡಿದ ರಸ್ತೆ ಸಂಜೆಗೆ ಇರುತ್ತದೆ ಅಂತ ನಂಬಬೇಡಿ.

ನಮಗೆ ಆಗಿದ್ದೂ ಅದೇ. ಹೋಗುವಾಗ ಮಡಿಕೇರಿಯಿಂದ ಚೇರಂಬಾಣೆ, ಚೆಟ್ಟಿಮಾನಿ ದಾರಿಯಲ್ಲಿ ಆರಾಮಾಗಿ ಹೋದೆವು. ಬರುವಾಗ ನಾಪೋಕ್ಲು ಕಡೆಯಿಂದ ಹೋಗೋಣ ಅಂತ ಮೊಬೈಲ್ ಮ್ಯಾಪ್ ತೋರಿಸಿದ ದಾರಿ ಹಿಡಿದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ರಸ್ತೆ ಮೇಲೆ ನೀರು. ತೆಳುವಾಗಿ ಕಂಡಿತು. ದಾಟಿಬಿಡಬಹುದು ಅಂತ ಕಾರು ನಿಧಾನ ಮಾಡಿದೆ. ಕಂಬಳಿ ಹೊದ್ದ ಹಿರಿಯರೊಬ್ಬರು ಕೈ ಅಡ್ಡ ಹಿಡಿದು ಬಂದರು. "ಬೇಡ ಮಾರಾಯ್ರೆ, ಮುಂದೆ ತಗ್ಗಿದೆ, ತಿರುಗಿಸಿ. ಅಲ್ಲಿ ಗದ್ದೆ ಯಾವುದು ರಸ್ತೆ ಯಾವುದು ನಮಗೇ ಗೊತ್ತಾಗೋದಿಲ್ಲ" ಅಂದರು. ಅವರಿಗೆ ಎಷ್ಟು ನಮಸ್ಕಾರ ಹೇಳಿದರೂ ಕಡಿಮೆ. ಮ್ಯಾಪಿಗೆ ನೀರು ಕಾಣೋದಿಲ್ಲ. ಈಗ ಭಾಗಮಂಡಲದಲ್ಲಿ ಮೇಲ್ಸೇತುವೆ ಇದೆ, ಊರಿನೊಳಗೆ ಓಡಾಟ ಮೊದಲಿಗಿಂತ ಸುಲಭ. ಆದರೆ ಸುತ್ತಲಿನ ತಗ್ಗಿನ ರಸ್ತೆಗಳಿಗೆಲ್ಲ ಸೇತುವೆ ಇಲ್ಲ ಅನ್ನೋದು ನೆನಪಿರಲಿ.

ಹೀಗೆ ಮುಳುಗಿ ಏಳುವ ಜಾಗಗಳು ಪ್ರಪಂಚದಲ್ಲಿ ಬೇರೆ ಕಡೆಯೂ ಇವೆ. ಗುಜರಾತಿನ ಕಾವಿ ಕಂಬೋಯಿಯಲ್ಲಿ ಸ್ತಂಭೇಶ್ವರ ಮಹಾದೇವನ ಗುಡಿಯನ್ನು ಸಮುದ್ರ ದಿನಕ್ಕೆ ಎರಡು ಸಲ ಮುಚ್ಚುತ್ತದೆ. ಫ್ರಾನ್ಸಿನಲ್ಲಿ ಪಸಾಜ್ ದ್ಯು ಗ್ವಾ ಅನ್ನೋ ರಸ್ತೆ ಇದೆ, 4 ಕಿಲೋಮೀಟರಿಗೂ ಜಾಸ್ತಿ ಉದ್ದ. ಅದೂ ದಿನಕ್ಕೆರಡು ಸಲ ಮುಳುಗುತ್ತದೆ. ಸಿಕ್ಕಿಹಾಕಿಕೊಂಡವರು ಹತ್ತಿ ಕೂರಲಿ ಅಂತ ದಾರಿಯುದ್ದಕ್ಕೂ ಎತ್ತರದ ಕಂಬ ನೆಟ್ಟಿದ್ದಾರೆ. ಆಸ್ಟ್ರಿಯಾದ ಗ್ರ್ಯೂನರ್ ಸೇ ಕೆರೆಯಲ್ಲಿ ಬೆಟ್ಟದ ಹಿಮ ಕರಗಿದಾಗ ನಡೆಯುವ ದಾರಿ, ಕೂರುವ ಬೆಂಚು ಎಲ್ಲ ನೀರಿನಡಿ ಹೋಗುತ್ತವೆ. ಸಮುದ್ರದ ಉಬ್ಬರಕ್ಕೆ ಗಂಟೆ ಗೊತ್ತು, ಮೊದಲೇ ವೇಳಾಪಟ್ಟಿ ನೋಡಿ ಹೋಗಬಹುದು. ಕೊಡಗಿನ ಹೊಳೆಗೆ ವೇಳಾಪಟ್ಟಿ ಇಲ್ಲ. ಹತ್ತಿ ಕೂರೋಕೆ ಕಂಬವೂ ಇಲ್ಲ.

ಹಾಗಾದರೆ ತಿಳ್ಕೊಳ್ಳೋದು ಹೇಗೆ? ಇಲ್ಲಿನವರು ಮಳೆಯನ್ನು ಇಂಚಿನಲ್ಲಿ ಮಾತಾಡುತ್ತಾರೆ. ಹೊರಡುವ ಹಿಂದಿನ ರಾತ್ರಿ ಉಳಿಯುವ ಜಾಗಕ್ಕೆ ಫೋನ್ ಮಾಡಿ, "ಇವತ್ತು ಎಷ್ಟು ಇಂಚು ಬಂತು?" ಅಂತ ಕೇಳಿ. ಸರಿಯಾದ ಉತ್ತರ ಸಿಗುತ್ತದೆ. ಮಡಿಕೇರಿಯಲ್ಲಿ ಭಾಗಮಂಡಲದ ಬಸ್ಸಿನ ಡ್ರೈವರ್ ಸಿಕ್ಕರೆ ಇನ್ನೂ ಒಳ್ಳೇದು. ಪೇಪರಿನಲ್ಲಿ ದಿನಾ ಹಾರಂಗಿ ಜಲಾಶಯದ ಮಟ್ಟ ಬರುತ್ತದೆ, ಪೂರ್ತಿ ತುಂಬಿದರೆ 2859 ಅಡಿ. ಆದರೆ ಅದು ನೋಡಿ ಭಾಗಮಂಡಲದ ಲೆಕ್ಕ ಹಾಕಬೇಡಿ. ಹಾರಂಗಿ ಕಾವೇರಿಗೆ ಸೇರೋದು ಕೆಳಗೆ, ಕೂಡಿಗೆಯಲ್ಲಿ. ಆ ಅಂಕಿ ಉಪಯೋಗಕ್ಕೆ ಬರೋದು ಕುಶಾಲನಗರದ ಕಡೆಯವರಿಗೆ.

ಆ ಕಡೆಯೂ ನೋಡೋಕೆ ಇದೆ. ಕಾವೇರಿ ನಿಸರ್ಗಧಾಮ ಒಂದು ದ್ವೀಪ, ತೂಗುಸೇತುವೆ ದಾಟಿ ಹೋಗಬೇಕು. ಹೊಳೆ ತುಂಬಿದಾಗ ಬಾಗಿಲು ಹಾಕುತ್ತಾರೆ. ದುಬಾರೆಯಲ್ಲೂ ಅಷ್ಟೇ, ಬೇಸಿಗೆಯಲ್ಲಿ ಬಂಡೆ ಮೇಲೆ ಕಾಲಿಟ್ಟು ದಾಟುವ ಕಡೆ ಮಳೆಗಾಲದಲ್ಲಿ ಬಂಡೆಯೇ ಕಾಣೋದಿಲ್ಲ. ಮಕ್ಕಳನ್ನು ಕರ್ಕೊಂಡು ಹೋಗೋರು ಇವೆರಡನ್ನೂ ಡಿಸೆಂಬರ್ ನಂತರಕ್ಕೆ ಇಟ್ಟುಕೊಳ್ಳಿ. ಮೂರ್ನಾಡು ಹತ್ತಿರದ ಬಲಮುರಿ ಮಾತ್ರ ಮಳೆಯಲ್ಲಿ ದೂರದಿಂದಲಾದರೂ ನೋಡುವಂಥದ್ದು. ಅಲ್ಲಿನ ತಗ್ಗಿನ ಹಳೇ ಸೇತುವೆ ಮೇಲೆ ಹೊಳೆ ಹರಿಯುವಾಗ ಸದ್ದು ಎದೆಗೇ ಬಡಿಯುತ್ತದೆ. ಕಾವೇರಿಯ ರಭಸಕ್ಕೆ ಕೊಡವ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಹೋಯಿತು ಅನ್ನೋ ಕಥೆ ಈ ಜಾಗದ್ದೇ. ಆ ನೀರು ನೋಡಿದರೆ ಕಥೆ ಎಲ್ಲಿಂದ ಹುಟ್ಟಿತು ಅಂತ ಯಾರೂ ಹೇಳಬೇಕಾಗಿಲ್ಲ.

ಮಳೆಗಾಲದಲ್ಲಿ ಹೋದರೆ ಒಂದು ದಿನ ಜಾಸ್ತಿ ಇಟ್ಟುಕೊಳ್ಳಿ, ಅಲ್ಲೇ ಉಳಿಯಬೇಕಾಗಿ ಬರಬಹುದು. ವಯಸ್ಸಾದವರ ಮಾತ್ರೆ ಎರಡು ದಿನಕ್ಕೆ ಸಾಕಾಗುವಷ್ಟು ಇರಲಿ. ಜಿಗಣೆಗೆ ಉಪ್ಪು. ಕರೆಂಟ್ ನೆಚ್ಚಿಕೊಳ್ಳಬೇಡಿ. ರೆಡ್ ಅಲರ್ಟ್ ಇದ್ದರೆ ಹೊರಡಲೇಬೇಡಿ. 2018ರ ಆಗಸ್ಟಿನಲ್ಲಿ ಈ ಜಿಲ್ಲೆ ಪಟ್ಟ ಪಾಡು, 2020ರಲ್ಲಿ ತಲಕಾವೇರಿಯಲ್ಲಿ ಬೆಟ್ಟ ಕುಸಿದು ಹೋದ ಜೀವಗಳು ಇಲ್ಲಿನವರ ಮನಸ್ಸಿನಿಂದ ಹೋಗಿಲ್ಲ. ನೀರು ನುಗ್ಗಿದ ಮನೆಯ ಎದುರು ನಿಂತು ಸೆಲ್ಫಿ ತೆಗೆಯೋರನ್ನು ಕಂಡಾಗ ನನಗೆ ತುಂಬಾ ಬೇಜಾರಾಯಿತು. ದಯವಿಟ್ಟು ಹಾಗೆ ಮಾಡಬೇಡಿ.

ತೀರ್ಥಸ್ನಾನಕ್ಕೇ ಬರೋರಿಗೆ ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣ ದೊಡ್ಡ ದಿನ. ಸಂಗಮದಲ್ಲಿ ಮಿಂದು ತಲಕಾವೇರಿಗೆ ಹೋಗೋದು ಪದ್ಧತಿ. ಜನ ವಿಪರೀತ. ನೆಮ್ಮದಿಯಾಗಿ ಕೂರಬೇಕು ಅಂದರೆ ಜನವರಿ, ಫೆಬ್ರವರಿಯ ವಾರದ ದಿನ ಬನ್ನಿ.

ಇನ್ನೂ ಒಂದು ದಿನ ಕೈಯಲ್ಲಿದ್ದರೆ ಸೋಮವಾರಪೇಟೆ, ಶನಿವಾರಸಂತೆ, ಕೊಡ್ಲಿಪೇಟೆ ದಾಟಿ ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಗೆ ಹೋಗಬಹುದು. ಫ್ರೆಂಚ್ ಪಾದ್ರಿಗಳು 1860ರ ಸುಮಾರಿಗೆ ಕಟ್ಟಿಸಿದ ಚರ್ಚ್ ಅಲ್ಲಿದೆ. ಹೇಮಾವತಿ ಅಣೆಕಟ್ಟಿನ ಹಿನ್ನೀರು ಏರಿದಾಗ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಒಳಗೇ ನಡೆದು ಹೋಗಬಹುದು. ಛಾವಣಿ ಇಲ್ಲ, ಗೋಡೆಗಳು ಶಿಥಿಲವಾಗಿವೆ, ಹತ್ತಬೇಡಿ. ಫೆಬ್ರವರಿಯಲ್ಲಿ ಅದರ ಒಣ ನೆಲದ ಮೇಲೆ ನಡೆದಾಡಿದ ಅಮ್ಮ, "ಇದು ಮುಳುಗಿದ್ದನ್ನೂ ನೋಡಬೇಕಲ್ವಾ?" ಅಂದರು. ಈ ಸಲ ಆಗಸ್ಟಿಗೆ ಹೊರಟಿದ್ದೇವೆ.