ಫಿಕ್ಸ್ ಬಂದಿದೆಯಲ್ಲ, ಸುಮ್ನಿರು ಅಂದಿದ್ದೆ

ಸರ್ವೆ ಲೈನಲ್ಲಿರೋರಿಗೆ, ಇಂಡಿಯಾನ ತ್ರಿಕೋನ ಲೆಕ್ಕದಲ್ಲಿ ಅಳೆಯೋ ದೊಡ್ಡ ಸರ್ವೆ ಶುರುಮಾಡಿದ ಬ್ರಿಟಿಷ್ ಅಧಿಕಾರಿ ವಿಲಿಯಂ ಲ್ಯಾಂಬ್ಟನ್ ಹೆಸರು ಗೊತ್ತಿರತ್ತೆ, ಆದ್ರೆ ಆ ಮನುಷ್ಯ ಅದಕ್ಕೂ ಮುಂಚೆ ಮಿಲಿಟರಿಯಲ್ಲಿ ಎಷ್ಟು ಕಾಲ ಮೂಲೆಗುಂಪಾಗಿದ್ದ ಅಂತ ಯಾರೂ ಮಾತಾಡಲ್ಲ. 33ನೇ ರೆಜಿಮೆಂಟು, ಅಮೆರಿಕದ ಯುದ್ಧ ಆದ್ಮೇಲೆ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಬ್ಯಾರಕ್ ನೋಡ್ಕೊಳ್ಳೋ ಡ್ಯೂಟಿ, ವರ್ಷಗಟ್ಲೆ ಅದೇ, ಕೂತ್ಕೊಂಡು ಗಣಿತ ಓದಿದ್ದೇ ಓದಿದ್ದು. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆ ಟೈಮಲ್ಲಿ ಜನರಲ್ ಬೇರ್ಡ್ ಜೊತೆ ರಾತ್ರಿ ಹೊರಟಿದ್ದಾಗ ಆಕಾಶ ನೋಡಿ, ನಾವು ಉತ್ತರಕ್ಕಲ್ಲ ದಕ್ಷಿಣಕ್ಕೆ, ಟಿಪ್ಪು ಪಡೆ ಕಡೆಗೇ ಹೋಗ್ತಿದೀವಿ ಅಂದ. ದಾರಿ ತಿಳಿಯೋಕೆ ನಂಗೆ ನಕ್ಷತ್ರ ಬೇಕಿಲ್ಲ ಅನ್ನೋ ಧಾಟೀಲಿ ಬೇರ್ಡ್ ಬಾಯ್ಮುಚ್ಚಿಸಿದ. ಆಮೇಲೆ ಕಂಪಾಸ್ ನೋಡಿದ್ರೆ ಲ್ಯಾಂಬ್ಟನ್ ಹೇಳಿದ್ದೇ ಸರಿ.

ಈ ಕಥೆನ ಹೊಸ ಹುಡುಗ್ರಿಗೆಲ್ಲ ನಗ್ತಾ ಹೇಳೋನೇ ನಾನು.

ಮಾಗಡಿ ಕಡೆ ಕೆಲಸ, ಎದುರಿಗೇ ಸಾವನದುರ್ಗ, ಅದೂ ಲ್ಯಾಂಬ್ಟನ್ ಅಳತೆಗೆ ಬಳಸಿದ ಸ್ಟೇಷನ್ನೇ. ಬೇಸ್ (ಒಂದೇ ಕಡೆ ನಿಲ್ಲಿಸೋ ಜಿಪಿಎಸ್) ಹಾಕಿ, ಅದರ ಲೆಕ್ಕಕ್ಕೆ ಜಾಗ ತೋರಿಸೋ, ಹಿಡ್ಕೊಂಡು ಓಡಾಡೋ ರೋವರ್ ತಗೊಂಡು ಬೆಳಗ್ಗೆಯಿಂದ ಪಾಯಿಂಟ್ ಎತ್ತಿದ್ವಿ, ದಿನದ ಟಾರ್ಗೆಟ್ ಅಂತ ಆಫೀಸಿಂದ ವಾಟ್ಸಾಪ್ ಮೇಲೆ ವಾಟ್ಸಾಪ್. ಟೀಮಿಗೆ ಹೊಸದಾಗಿ ಬಂದಿದ್ದ ಹುಡುಗಿ ಟ್ಯಾಬಲ್ಲಿ ಗ್ರಾಮನಕ್ಷೆ ಓವರ್‌ಲೇ ಮಾಡಿ, ಸರ್ ಯಾಕೋ ಎಲ್ಲಾ ಪಾಯಿಂಟೂ ಒಂದೇ ಸಮ ಪೂರ್ವಕ್ಕೆ ಸರಿದಿದೆ ಅಂದ್ಲು. ನಕ್ಷೆನೇ ಹಳೇದು, ಫಿಕ್ಸ್ ಬಂದಿದೆಯಲ್ಲ, ಸುಮ್ನಿರು ಅಂದೆ. ಫಿಕ್ಸ್ ಅಂದ್ರೆ ರೋವರ್ ಬೇಸಿನ ಲೆಕ್ಕಕ್ಕೆ ತನ್ನ ಜಾಗನ ಪಕ್ಕಾ ಹಿಡಿದಿದೆ ಅಂತ. ಮತ್ತೆ ಕೇಳಿದ್ಲು. ಈ ಸಲ ನಾನು ತಿರುಗಿ ಕೂಡ ನೋಡ್ಲಿಲ್ಲ.

ಊಟ ಆದ್ಮೇಲೆ ಕಲ್ಲು ನೆಡೋಕೆ ಶುರು. ಆ ಜಮೀನು ಅಣ್ಣತಮ್ಮಂದಿರದು, ಇಬ್ರಿಗೂ ಮಾತಿಲ್ಲ, ನಾವು ಗುರುತು ಹಾಕಿದ ಜಾಗ ನೋಡಿ ತಮ್ಮ ಗುದ್ದಲಿ ಹಿಡ್ಕೊಂಡೇ ಬಂದ, ಇದು ನಮ್ಮ ಹುಣಸೆಮರದ ಬುಡ, ಇಲ್ಲಿ ಹೆಂಗ್ ಕಲ್ಲು ಬರುತ್ತೆ ಅಂತ. ಸ್ಕ್ರೀನಲ್ಲಿ ಹಸಿರು ಫಿಕ್ಸ್ ಹಂಗೇ ಉರೀತಿದೆ, ಎಚ್‌ಆರ್‌ಎಂಎಸ್ (ನೆಲದ ಮೇಲಿನ ತಪ್ಪಿನ ಅಂದಾಜು) ಸೆಂಟಿಮೀಟರ್ ಲೆಕ್ಕದಲ್ಲಿದೆ, ಆದ್ರೆ ಹೊಟ್ಟೆ ಒಳಗೆ ಏನೋ ಕುಸೀತು. ರೋವರನ್ನ ಚೆಕ್ ಪಾಯಿಂಟಿಗೆ, ಅಂದ್ರೆ ಲೆಕ್ಕ ಮೊದಲೇ ಗೊತ್ತಿರೋ ಗುರುತಿಗೆ, ಒಯ್ದು ಇಟ್ಟೆ. ಫ್ಲೋಟ್ (ಇನ್ನೂ ಪಕ್ಕಾ ಆಗಿಲ್ಲ ಅಂತ), ಫ್ಲೋಟ್, ಆ ಮನುಷ್ಯ ಪಕ್ಕದಲ್ಲೇ ಉಸಿರು ಬಿಡ್ತಾ ನಿಂತಿದಾನೆ, ಆಮೇಲೆ ಫಿಕ್ಸ್. ವ್ಯತ್ಯಾಸ ಒಂದೂವರೆ ಮೀಟರ್ ಹತ್ರ. ಬೇಸಿಗೆ ಕಂಟ್ರೋಲ್ ಪಾಯಿಂಟ್ ವ್ಯಾಲ್ಯೂ, ಅಂದ್ರೆ ಅದು ನಿಂತ ಜಾಗದ ಪಕ್ಕಾ ಲೆಕ್ಕ, ಕೊಡೋ ಬದ್ಲು, ಅದೇ ಅಂದಾಜಲ್ಲಿ ತನ್ನ ಜಾಗ ಹಿಡ್ಕೊಳ್ಳೋ 'ಹಿಯರ್' ಬಟನ್ ಒತ್ತಿಬಿಟ್ಟಿದ್ದೆ. ರೋವರ್ ಪಾಪ ಬೇಸಿಗೆ ತಕ್ಕಂಗೆ ಪಕ್ಕಾ ಇತ್ತು, ಬೇಸೇ ಇಲ್ಲದ ಜಾಗದಲ್ಲಿ ಕೂತಿತ್ತು. ಆ ಎರಡು ಬಟನ್ ಅಕ್ಕಪಕ್ಕ ಇಟ್ಟ ಸಾಫ್ಟ್‌ವೇರ್‌ನವ್ರು ಒಂದ್ಸಲ ಫೀಲ್ಡಿಗೆ ಬರ್ಬೇಕು.

ಡೇಟಾನ ಆಫೀಸಲ್ಲಿ ಶಿಫ್ಟ್ ಹೊಡೆದು ಸರಿಮಾಡ್ಬಹುದು, ನೆಟ್ಟ ಕಲ್ಲನ್ನ ಹಂಗೆ ಮಾಡಕ್ಕಾಗಲ್ಲ. ಕಿತ್ತು ಮತ್ತೆ ನೆಡೋವಾಗ ಅಣ್ಣ ಬಂದು, ಇವ್ರು ತಮ್ಮನ ಹತ್ರ ದುಡ್ಡು ತಿಂದವ್ರೆ ಅಂತ ಊರಿಗೆಲ್ಲ ಹೇಳಿದ.

ರಿಪೋರ್ಟಲ್ಲಿ ಮ್ಯಾನೇಜರ್ ಕಾರಣ ಬರೆದಿದ್ದು ಇನ್‌ಸ್ಟ್ರುಮೆಂಟ್ ಎರರ್. ನಿಜವಾದ ಇನ್‌ಸ್ಟ್ರುಮೆಂಟ್ ಎರರ್ ಅಂದ್ರೆ 1808ರಲ್ಲಿ ತಂಜಾವೂರು ದೇವಸ್ಥಾನದ ಗೋಪುರಕ್ಕೆ ಏರಿಸೋವಾಗ ಹಗ್ಗ ಕಿತ್ತು, ಕೋನ ಅಳೆಯೋ ಅರ್ಧ ಟನ್ನಿನ ಥಿಯೋಡೊಲೈಟ್ ಗೋಡೆಗೆ ಬಡಿದು ಅದರ ಕೋನ ಗುರುತಿನ ಸರ್ಕಲ್ಲೇ ಸೊಟ್ಟಗಾಗಿದ್ದು. ಲ್ಯಾಂಬ್ಟನ್ ಟೆಂಟ್ ಸೇರ್ಕೊಂಡು ಸುಮಾರು ಆರು ವಾರ ಕೂತು ಅದನ್ನ ತಿದ್ದಿದ. ನಮ್ ಟೈಮ್‌ಶೀಟಲ್ಲಿ ಅಂಥ ಕೆಲಸಕ್ಕೆ ಕೋಡೇ ಇಲ್ಲ. ರೀವರ್ಕ್‌ಗೆ ಬಿಲ್ಲಿಂಗ್ ಇಲ್ಲ ಅಂತ ಇಡೀ ಟೀಮಿನ ಫೀಲ್ಡ್ ಅಲವೆನ್ಸ್ ಕಟ್ ಮಾಡಿದಾರೆ, ಆ ಹುಡುಗೀದೂ ಸೇರಿಸಿ. ಅವಳದ್ದಾದ್ರೂ ವಾಪಸ್ ಕೊಡಿ ಅಂತ ಮೇಲ್ ಹಾಕಿದೀನಿ, ಎಚ್‌ಆರ್‌ನವ್ರು ಇನ್ನೂ 'ನೋಟೆಡ್' ಅಂತಾನೇ ಇದಾರೆ.